ಸಹಾಯ ಬೇಕು: ಐರ್ಲೆಂಡ್ ಮತಪತ್ರದಲ್ಲಿ ಎಷ್ಟನೆಯ ಸಂಖ್ಯೆಯವರೆಗೆ ಬರೆಯಬೇಕು?

ಎಲ್ಲರಿಗೂ ನಮಸ್ಕಾರ. ಐರಿಶ್ ಪೌರತ್ವ ಪಡೆದ ಮೇಲೆ ಮೊದಲ ಬಾರಿಗೆ, 2024ರ ನವೆಂಬರ್ 29ರಂದು, ಇಲ್ಲಿನ ಕೆಳಮನೆಯಾದ ಡಾಲ್ ಚುನಾವಣೆಯಲ್ಲಿ ಮತ ಹಾಕಲಿದ್ದೇನೆ. ನಮ್ಮದು ಐದು ಸ್ಥಾನಗಳ ಡಬ್ಲಿನ್ ವೆಸ್ಟ್ ಕ್ಷೇತ್ರ.

ಸ್ವಂತ ಮನೆಯೇ ನನ್ನ ಮುಖ್ಯ ಚಿಂತೆಯಾದ್ದರಿಂದ ದೊಡ್ಡ ಪಕ್ಷಗಳ ಪ್ರಣಾಳಿಕೆಗಳನ್ನು ಕುಳಿತು ಓದಿದೆ. 2030ರೊಳಗೆ 3 ಲಕ್ಷ ಮನೆ ಎಂದು ಫಿನ್ ಗೇಲ್ ಹೇಳಿದರೆ, ಐದು ವರ್ಷಗಳಲ್ಲಿ ಅಷ್ಟೇ ಮನೆ ಎಂದು ಶಿನ್ ಫೇನ್ ಹೇಳುತ್ತದೆ. ನಿಜವಾದ ವ್ಯತ್ಯಾಸವಿರುವುದು ಮೊದಲ ಮನೆ ಕೊಳ್ಳುವವರಿಗೆ ತೆರಿಗೆ ಹಣ ಮರಳಿಸುವ ‘ಹೆಲ್ಪ್ ಟು ಬೈ’ ಯೋಜನೆಯಲ್ಲಿ: ಮೊದಲನೆಯದು ಅದರ ಮಿತಿಯನ್ನು 30,000 ಯೂರೋದಿಂದ 40,000ಕ್ಕೆ ಏರಿಸುವುದಾಗಿಯೂ, ಎರಡನೆಯದು ಹಂತಹಂತವಾಗಿ ನಿಲ್ಲಿಸುವುದಾಗಿಯೂ ಹೇಳುತ್ತದೆ. ಹೀಗೆ ಮೊದಲ ಆಯ್ಕೆ ಯಾರೆಂದು ತೀರ್ಮಾನಿಸಿಯಾಗಿದೆ.

ತೊಡಕಿರುವುದು ಮುಂದೆ. ಇಲ್ಲಿ ಅಭ್ಯರ್ಥಿಗಳ ಹೆಸರುಗಳ ಎದುರು ನಮ್ಮ ಆಯ್ಕೆಯ ಕ್ರಮದಲ್ಲಿ 1, 2, 3 ಎಂದು ಬರೆಯಬೇಕು. ಮೊನ್ನೆ ಮಳೆಯಲ್ಲೇ ಬಾಗಿಲಿಗೆ ಬಂದ ಕಾರ್ಯಕರ್ತರೊಬ್ಬರು, ತೊಯ್ದ ಕರಪತ್ರ ಕೈಗಿತ್ತು, ‘ಒಂದು ಬೇರೆಯವರಿಗಾದರೆ ಎರಡಾದರೂ ನಮಗೆ ಕೊಡಿ’ ಎಂದರು. ಎರಡು ಕೊಟ್ಟರೆ ಮೊದಲನೆಯವರಿಗೇ ಪೆಟ್ಟು ಎಂದು ಪಕ್ಕದ ಮನೆಯವರು ಎಚ್ಚರಿಸುತ್ತಾರೆ. ನಾನು ತಿಳಿದಂತೆ, ಐದು ಸ್ಥಾನಗಳಿರುವ ನಮ್ಮ ಕ್ಷೇತ್ರದಲ್ಲಿ ಸಿಂಧು ಮತಗಳ ಆರನೇ ಒಂದು ಭಾಗ ದಾಟಿದವರು ಗೆಲ್ಲುತ್ತಾರೆ, ಮೊದಲನೆಯವರು ಹೆಚ್ಚುವರಿ ಮತಗಳೊಂದಿಗೆ ಗೆದ್ದ ಅಥವಾ ಕಣದಿಂದ ಹೊರಬಿದ್ದ ಮೇಲಷ್ಟೇ ಎರಡನೆಯ ಆಯ್ಕೆಯನ್ನು ನೋಡುತ್ತಾರೆ. ಹಾಗಿದ್ದರೆ ಪೆಟ್ಟು ಎಲ್ಲಿಂದ?

ಹಿಂದೆ ಇಲ್ಲಿ ಮತ ಹಾಕಿರುವವರು ದಯವಿಟ್ಟು ತಿಳಿಸಿ: ನನಗೆ ಸ್ವಲ್ಪವೂ ಒಪ್ಪಿಗೆಯಾಗದ ಅಭ್ಯರ್ಥಿಗೆ ಕೊನೆಯ ಸಂಖ್ಯೆ ಬರೆಯುವುದಕ್ಕೂ ಆ ಚೌಕವನ್ನು ಖಾಲಿ ಬಿಡುವುದಕ್ಕೂ ಎಣಿಕೆಯಲ್ಲಿ ವ್ಯತ್ಯಾಸವಾಗುತ್ತದೆಯೇ?