ಸಿಮೆಂಟ್ ಕಂಪನಿ ಹೊರದೇಶಕ್ಕೆ 'ಲಗ್ಗೆ' ಇಡುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಹಾಸನದ ಪಿಯು ಕಾಮರ್ಸ್ ಮಕ್ಕಳಿಗೆಂದು ಒಂದು ಪಾಠ ಬರೆಯುತ್ತಿದ್ದೇನೆ. ಸಿಮೆಂಟ್ ಕಂಪನಿಗಳು ಹೊರದೇಶಗಳಲ್ಲಿ ಹೇಗೆ ಬೆಳೆದವು ಅನ್ನುವುದು ವಿಷಯ. ಪತ್ರಿಕೆಗಳಲ್ಲಿ ಇದಕ್ಕೆ ಸಿದ್ಧವಾಗಿ ಸಿಗುವ ಮಾತು 'ವಿದೇಶಿ ಮಾರುಕಟ್ಟೆಗೆ ಲಗ್ಗೆ'. ಅದನ್ನೇ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಲಗ್ಗೆ ಅಂದರೆ ಕೋಟೆಯ ಮೇಲೆ ಏರಿ ಹೋಗುವುದು. ಮುತ್ತಿಗೆ ಹಾಕಿದವರು ಹೊರಗೇ ಕಾಯಬಹುದು, ಲಗ್ಗೆ ಇಟ್ಟವರು ಒಳಗೆ ನುಗ್ಗಲೇಬೇಕು. ಸಕಲೇಶಪುರ, ಆಲೂರಿನ ಕಡೆ ಕಾಡಾನೆಗಳು ತೋಟಕ್ಕೆ ಲಗ್ಗೆ ಇಟ್ಟವು ಅಂದಾಗ ಮಾತು ಸರಿಯಾಗಿ ಕೂರುತ್ತದೆ. ಮಾವು ಮಾರುಕಟ್ಟೆಗೆ ಲಗ್ಗೆ ಇಟ್ಟಿತು ಅನ್ನುವುದೂ ಸರಿಯೇ. ಹಣ್ಣು ಒಮ್ಮೆಲೇ ಬಂದು ತುಂಬುತ್ತದಲ್ಲ.

ಸಿಮೆಂಟ್ ಹಾಗೆ ಹೋಗುವುದಿಲ್ಲ. ಭಾರ ಜಾಸ್ತಿ, ಆ ಭಾರಕ್ಕೆ ಬೆಲೆ ಕಡಿಮೆ. ಲಾರಿ ದೂರ ಹೋದಷ್ಟೂ ಸಾಗಣೆ ಖರ್ಚೇ ಲಾಭವನ್ನು ನುಂಗುತ್ತದೆ. ತೇವ ತಾಗಿದರೆ ಚೀಲದಲ್ಲೇ ಗಟ್ಟಿಯಾಗುತ್ತದೆ. ಹಡಗಿನಲ್ಲಿ ಕ್ಲಿಂಕರ್ (ಸುಣ್ಣಕಲ್ಲು ಮುಂತಾದವನ್ನು ಸುಟ್ಟು ಮಾಡಿದ, ಇನ್ನೂ ಅರೆಯದ ಗಟ್ಟಿ ಉಂಡೆಗಳು) ಕಳಿಸಿ, ಅಲ್ಲಿ ಜಿಪ್ಸಮ್ ಸೇರಿಸಿ ಅರೆಯುವುದುಂಟು. ಆದರೆ ದೊಡ್ಡ ಕಂಪನಿಗಳು ಬಹುಮಟ್ಟಿಗೆ ಬೆಳೆದದ್ದು ಅಲ್ಲಿದ್ದ ಕಾರ್ಖಾನೆಗಳನ್ನೇ ಕೊಂಡುಕೊಂಡು. ಮೆಕ್ಸಿಕೋದ ಸೆಮೆಕ್ಸ್ 1992ರಲ್ಲಿ ಸ್ಪೇನಿನ ಎರಡು ಕಂಪನಿಗಳನ್ನು, 2005ರಲ್ಲಿ ಬ್ರಿಟನ್ನಿನ ಆರ್‌ಎಂಸಿಯನ್ನು ಕೊಂಡಿತು. ನಮ್ಮ ಅಲ್ಟ್ರಾಟೆಕ್ 2010ರಲ್ಲಿ ಇಟಿಎ ಸ್ಟಾರ್ ಸಿಮೆಂಟನ್ನು ಕೊಂಡು ಯುಎಇ, ಬಹರೈನ್, ಬಾಂಗ್ಲಾದೇಶಗಳಲ್ಲಿ ಜಾಗ ಮಾಡಿಕೊಂಡಿತು.

ಹತ್ತಿರದ ಉದಾಹರಣೆಯೂ ಇದೆ. ಅರಸೀಕೆರೆಯಲ್ಲಿ ಬೆಂಗಳೂರು ರೈಲು ಹತ್ತುವವರಿಗೆ ಅಮ್ಮಸಂದ್ರ ಗೊತ್ತಿರುತ್ತದೆ. ಅಲ್ಲಿನ ಮೈಸೂರು ಸಿಮೆಂಟ್ಸ್ 2006ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ಕೈಗೆ ಹೋಯಿತು. ಕಾರ್ಖಾನೆ ಇದ್ದಲ್ಲೇ ಇತ್ತು, ಒಡೆತನ ಬದಲಾಯಿತು. ಇದನ್ನು ಲಗ್ಗೆ ಅಂದರೆ ನಡೆದ ಸಂಗತಿಯೇ ಮಕ್ಕಳಿಗೆ ತಪ್ಪಾಗಿ ಕಾಣುತ್ತದೆ, ಅಲ್ವಾ?

'ಸ್ವಾಧೀನ' ಅನ್ನೋಣವೆಂದರೆ ಅದಕ್ಕೆ ಬೇರೆ ತೊಡಕು. ಹೇಮಾವತಿ ಅಣೆಕಟ್ಟೆಗೆ ಜಮೀನು ಬಿಟ್ಟುಕೊಟ್ಟ ಮನೆಗಳ ಮಕ್ಕಳು ನಮ್ಮಲ್ಲಿದ್ದಾರೆ. ಸ್ವಾಧೀನ ಅಂದ ಕೂಡಲೇ ಸರ್ಕಾರ ಕಾನೂನಿನ ಬಲದಿಂದ ತೆಗೆದುಕೊಂಡದ್ದು ಅಂತಲೇ ಅವರು ತಿಳಿಯುತ್ತಾರೆ. ಇಲ್ಲಿ ನಡೆದದ್ದು ಕೊಳ್ಳುವ ಮಾರುವ ವ್ಯವಹಾರ.

ಸದ್ಯಕ್ಕೆ ಹೀಗೆ ಬಳಸಿದ್ದೇನೆ: ಸರಕು ಮಾತ್ರ ಕಳಿಸಿದರೆ 'ಕಾಲಿಟ್ಟಿತು', ಕಾರ್ಖಾನೆ ಕೊಂಡು ನಡೆಸಿದರೆ 'ನೆಲೆಯೂರಿತು'. ಆದರೆ ನೆಲೆಯೂರಲು ವರ್ಷಗಳು ಬೇಕು. ಕೊಂಡ ದಿನವೇ ಆ ಮಾತು ಸಲ್ಲುತ್ತದೆಯೇ? ಆ ದಿನದ ಸುದ್ದಿಗೆ ಹೊಂದುವ ಮಾತು ನಿಮ್ಮ ಕಡೆ ಬಳಕೆಯಲ್ಲಿದ್ದರೆ, ದಯವಿಟ್ಟು ಒಂದು ವಾಕ್ಯದಲ್ಲಿ ಬಳಸಿ ತಿಳಿಸಿ.