ರಾಬರ್ಟೊ ಕ್ಲೆಮೆಂಟೆ: ಆಟ ಗೊತ್ತು, ಮನೆಯವರಿಗೆ ಹೇಗಿದ್ದರು?

ಮೂರು_ನದಿ:
ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಈ ಊರಿಗೆ ಆಡಿದ ಒಬ್ಬ ಆಟಗಾರರ ಬಗ್ಗೆ ಬರೆದುಕೊಂಡು ಬನ್ನಿ ಅಂತ ಮಗಳ ಶಾಲೆಯಲ್ಲಿ ಹೇಳಿದ್ದಾರೆ. ಅವಳು ಬೇಸ್‌ಬಾಲ್ ಆಟಗಾರ ರಾಬರ್ಟೊ ಕ್ಲೆಮೆಂಟೆಯವರನ್ನು ಆರಿಸಿಕೊಂಡಿದ್ದಾಳೆ. ಇಲ್ಲಿ ಬೇಸ್‌ಬಾಲ್ ಮ್ಯಾಚ್ ನೋಡಲು ಹೋಗುವವರು ಅವರ ಹೆಸರಿನ ಹಳದಿ ಸೇತುವೆ ದಾಟಿಕೊಂಡೇ ಹೋಗೋದು, ಹಾಗಾಗಿ ಹೆಸರು ಮಕ್ಕಳಿಗೂ ಪರಿಚಯ.

ಆಟದ ಲೆಕ್ಕ ಎಲ್ಲಾ ಸಿಕ್ಕಿದೆ. 1955ರಿಂದ 1972ರವರೆಗೆ 18 ಸೀಸನ್, ಅಷ್ಟೂ ಇಲ್ಲಿನ ಪೈರೇಟ್ಸ್ ತಂಡಕ್ಕೆ. ಸರಿಯಾಗಿ 3000 ಹಿಟ್ (ಚೆಂಡು ಹೊಡೆದು ಬೇಸ್ ತಲುಪಿದ್ದು). ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿ 12. ಕಷ್ಟ ಆಗಿರೋದು ಕೊನೆಯ ಭಾಗ. ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ಸಾಮಾನು ತಲುಪಿಸಲು ಹೊರಟು 1972ರ ಡಿಸೆಂಬರ್ 31ರ ರಾತ್ರಿ ವಿಮಾನ ಸಮುದ್ರಕ್ಕೆ ಬಿದ್ದು ತೀರಿಕೊಂಡರು ಅಂತ ಓದಿ ಹೇಳಿದೆ. ಮಗಳು ಕೇಳಿದಳು, "ಮನೆಯಲ್ಲಿ ಮೂರು ಚಿಕ್ಕ ಮಕ್ಕಳಿದ್ರಲ್ಲ ಅಪ್ಪಾ, ಹೊಸ ವರ್ಷದ ರಾತ್ರಿ ಬಿಟ್ಟು ಯಾಕೆ ಹೋದ್ರು?" ಎಲ್ಲರೂ ಅವರನ್ನು ಕುಟುಂಬವತ್ಸಲ ಅಂತಾರೆ. ಅದು ನಿಜವಾ? ನಿಜ ಅಂದ್ರೆ ಇದಕ್ಕೆ ಏನು ಹೇಳಲಿ? ತಿಳಿದವರು ಬರೆಯಿರಿ.

ಶರಾವತಿ_ಹಿನ್ನೀರು:
ಸರ್, ನಿಜ. ಸುಮ್ನೆ ಹೊಗಳಿಕೆಗೆ ಹೇಳುವ ಮಾತಲ್ಲ.

ಅವರು ಹುಟ್ಟಿದ್ದು 1934ರಲ್ಲಿ, ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಕ್ಯಾರೊಲಿನಾ ಊರಿನಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು. ಅಪ್ಪ ಮೆಲ್ಚೊರ್ ಕಬ್ಬಿನ ಗದ್ದೆಯಲ್ಲಿ ಮೇಸ್ತ್ರಿ. ದೊಡ್ಡ ಆಟಗಾರ ಆದಮೇಲೂ ಸೀಸನ್ ಮುಗಿದರೆ ವಾಪಸ್ ಊರಿಗೇ. ಅವರು ಬ್ಯಾಟ್ ಹಿಡಿದು ನಿಲ್ಲುವ ಮೊದಲು ಕುತ್ತಿಗೆಯನ್ನು ಆ ಕಡೆ ಈ ಕಡೆ ಹೊರಳಿಸಿ ನೆಟಿಗೆ ತೆಗೆಯೋದನ್ನು ಹಳೆಯ ವಿಡಿಯೊಗಳಲ್ಲಿ ಮಗಳಿಗೆ ತೋರಿಸಿ. ಅದರ ಹಿಂದೆ ಒಂದು ವಿಷಯ ಇದೆ. 1954ರ ಕೊನೆಯಲ್ಲಿ ಅಣ್ಣ ಲೂಯಿಸ್ ಮೆದುಳಿನ ಗೆಡ್ಡೆಯಿಂದ ಸಾವಿನ ಅಂಚಿನಲ್ಲಿದ್ದರು. ಅವರನ್ನು ನೋಡಲು ಹೋಗಿದ್ದ ಸಮಯದಲ್ಲೇ, ಕುಡಿದು ಗಾಡಿ ಓಡಿಸುತ್ತಿದ್ದವನೊಬ್ಬ ಇವರ ಕಾರಿಗೆ ಗುದ್ದಿದ. ಬೆನ್ನಿಗೂ ಕುತ್ತಿಗೆಗೂ ಬಿದ್ದ ಪೆಟ್ಟು ಕೊನೆವರೆಗೂ ಹೋಗಲಿಲ್ಲ. ಅಂದ್ರೆ ಅಮೆರಿಕದಲ್ಲಿ ಅವರು ಆಡಿದ 18 ಸೀಸನ್ನೂ ಆ ನೋವಿನ ಜೊತೆಗೇ, ಅಲ್ವಾ? ಆದರೂ ಪತ್ರಿಕೆಯವರು ಸುಳ್ಳು ನೋವು ಹೇಳ್ತಾರೆ ಅಂತ ಬರೆದರು. ಅವರ ಇಂಗ್ಲಿಷ್ ಉಚ್ಚಾರವನ್ನು ಹಾಗ್‌ಹಾಗೇ ಅಚ್ಚು ಹಾಕಿ ನಗೆಪಾಟಲು ಮಾಡಿದರು. ಆಟಗಾರರ ಚಿತ್ರದ ಬೇಸ್‌ಬಾಲ್ ಕಾರ್ಡುಗಳ ಮೇಲೆ ರಾಬರ್ಟೊ ಬದಲು ವರ್ಷಗಟ್ಟಲೆ "ಬಾಬ್" ಅಂತ ಹಾಕಿದರು. ಫ್ಲೋರಿಡಾದಲ್ಲಿ ಅಭ್ಯಾಸಕ್ಕೆ ಹೋದರೆ ಬಿಳಿಯ ಆಟಗಾರರು ಹೋಟೆಲ್ ಒಳಗೆ ಊಟ ಮಾಡುವಾಗ ಇವರು ಬಸ್ಸಿನಲ್ಲೇ ಕಾಯಬೇಕಿತ್ತು. ಇದನ್ನು ಯಾಕೆ ಹೇಳ್ತಿದೀನಿ ಅಂದ್ರೆ, ಹೊರಗೆ ಇಷ್ಟು ಅವಮಾನ ಇದ್ದಾಗ ಮನೆ ಅವರಿಗೆ ಎಷ್ಟು ದೊಡ್ಡದಾಗಿತ್ತು ಅಂತ ಗೊತ್ತಾಗಲಿ ಅಂತ.

ಹೆಂಡತಿ ವೇರಾ ಅವರನ್ನು ಮೊದಲು ಕಂಡಿದ್ದು ಕ್ಯಾರೊಲಿನಾದ ಒಂದು ಔಷಧಿ ಅಂಗಡಿಯಲ್ಲಿ, 1964ರಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಮದುವೆ. ರಾಬರ್ಟೊ ಜೂನಿಯರ್, ಲೂಯಿಸ್, ಎನ್ರಿಕೆ ಅಂತ ಮೂರು ಗಂಡು ಮಕ್ಕಳು. ಮಕ್ಕಳು ಹುಟ್ಟುವುದು ಪೋರ್ಟೊ ರಿಕೊದಲ್ಲೇ ಆಗಬೇಕು ಅಂತ ಅವರ ಹಟ. ನಮ್ಮಲ್ಲಿ ಹೆರಿಗೆಗೆ ತವರಿಗೆ ಹೋಗುವ ಹಾಗೆ ವೇರಾ ಪ್ರತಿ ಸಲವೂ ದ್ವೀಪಕ್ಕೆ ಹೋಗಿ ಹೆತ್ತರು.

ಇನ್ನೊಂದು, ಇದನ್ನು ಪ್ರಾಜೆಕ್ಟ್‌ನಲ್ಲಿ ಖಂಡಿತ ಹಾಕಿಸಿ. 1971ರ ವರ್ಲ್ಡ್ ಸೀರೀಸ್, ಅಂದ್ರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿ. ಎದುರಾಳಿ ಬಾಲ್ಟಿಮೋರ್, ಏಳು ಮ್ಯಾಚ್, ಏಳರಲ್ಲೂ ಇವರಿಂದ ಹಿಟ್, ಸರಣಿ ಶ್ರೇಷ್ಠ ಇವರೇ. ಗೆದ್ದ ಕೂಡಲೇ ಟಿವಿಯವರು ಮೈಕ್ ಹಿಡಿದರು. ಇಂಗ್ಲಿಷ್‌ನಲ್ಲಿ ಮಾತಾಡುವ ಮೊದಲು ಸ್ಪ್ಯಾನಿಷ್‌ನಲ್ಲಿ ಒಂದು ಮಾತು ಹೇಳ್ತೀನಿ ಅಂದರು. ಮಕ್ಕಳಿಗೆ ತಮ್ಮ ಆಶೀರ್ವಾದ ಹೇಳಿ, ಅಪ್ಪ ಅಮ್ಮನ ಆಶೀರ್ವಾದ ಬೇಡಿದರು. ಇಡೀ ಅಮೆರಿಕ ನೋಡುತ್ತಿದ್ದಾಗ. ನನಗಂತೂ ಅವರ ಯಾವ ಥ್ರೋಗಿಂತಲೂ ಇದು ದೊಡ್ಡದು.

ಅವರೆಕಾಳು:
ಮೇಲಿನವರು ಬರೆದಿದ್ದೆಲ್ಲ ಸರಿ. ಆದ್ರೆ ಮಗು ಕೇಳಿದ ಪ್ರಶ್ನೆ ಹಾಗೇ ಉಳಿಯಿತಲ್ಲ. ನಾನು ಹೆಂಗಸಾಗಿ, ಮೂರು ಮಕ್ಕಳ ತಾಯಿಯಾಗಿ ನೇರವಾಗಿ ಹೇಳ್ತೀನಿ. ಆ ವಿಮಾನ ಹತ್ತಬಾರದಿತ್ತು.

ಅದೊಂದು ಹಳೆಯ ಡಿಸಿ-7 ಸರಕು ವಿಮಾನ. ಅದೇ ತಿಂಗಳ ಆರಂಭದಲ್ಲಿ ರನ್‌ವೇ ಹತ್ತಿರ ಅಪಘಾತ ಆಗಿ ರಿಪೇರಿ ಆಗಿತ್ತು. ಅವತ್ತು ಮಿತಿಗಿಂತ ಸುಮಾರು 1900 ಕಿಲೊ ಜಾಸ್ತಿ ಹೊರೆ ಹೇರಿದ್ದರು. ಹೊರಡುವುದು ಗಂಟೆಗಟ್ಟಲೆ ತಡ ಆಯಿತು, ಇಷ್ಟೆಲ್ಲ ಆದಮೇಲೂ ರಾತ್ರಿ ಪೋರ್ಟೊ ರಿಕೊದ ರಾಜಧಾನಿ ಸಾನ್ ಹ್ವಾನ್‌ನಿಂದ ಹಾರಿತು, ಎಂಜಿನ್ ಕೈಕೊಟ್ಟು ಸ್ವಲ್ಪ ಹೊತ್ತಿಗೇ ಸಮುದ್ರಕ್ಕೆ ಬಿತ್ತು. ಐದು ಜನ ಹೋದರು. ಕ್ಲೆಮೆಂಟೆಯವರ ದೇಹ ಸಿಗಲೇ ಇಲ್ಲ. ಏರ್‌ಪೋರ್ಟ್‌ಗೆ ಬಿಟ್ಟು ಬಂದವರು ವೇರಾ. ದೊಡ್ಡ ಮಗನಿಗೆ ಏಳು ವರ್ಷ, ಕೊನೆಯವನಿಗೆ ಮೂರು.

ನಮ್ಮ ತಂದೆಯೂ ಊರವರ ಕಷ್ಟಕ್ಕೆ ಮೊದಲು ಓಡುತ್ತಿದ್ದವರು. ಎಲ್ಲರೂ ದೇವರಂಥ ಮನುಷ್ಯ ಅನ್ನುತ್ತಿದ್ದರು. ಅಮ್ಮ ಅನ್ನಕ್ಕೆ ತಟ್ಟೆ ಮುಚ್ಚಿಟ್ಟು ಬಾಗಿಲ ಹತ್ತಿರ ಕೂರುತ್ತಿದ್ದಳು. ಆದ್ದರಿಂದ ನನಗೆ ಈ ಕಥೆಯಲ್ಲಿ ಮೊದಲು ಕಾಣುವುದು ವೇರಾ. ಪ್ರೀತಿ ಇತ್ತು, ಒಪ್ತೀನಿ. ಆ ಪ್ರೀತಿಯ ಬೆಲೆ ತೆತ್ತಿದ್ದು ವೇರಾ.

ಬಯಲುಸೀಮೆ_ಬಾಲ್:
ಅಕ್ಕಾ, ನಿಮ್ಮ ಮಾತು ತೆಗೆದುಹಾಕುವ ಹಾಗಿಲ್ಲ. ಆದ್ರೆ ಅವರು ಖುದ್ದು ಹೋಗಲು ಕಾರಣ ಇತ್ತು, ಅದನ್ನೂ ಮಗುವಿಗೆ ಹೇಳಬೇಕು.

ಭೂಕಂಪ ಆಗಿದ್ದು ಡಿಸೆಂಬರ್ 23ಕ್ಕೆ, ನಿಕರಾಗುವಾದ ರಾಜಧಾನಿ ಮನಾಗುವಾದಲ್ಲಿ. ಸಾವಿರಾರು ಜನ ಸತ್ತರು. ಅದಕ್ಕೆ ಬರೀ ಒಂದು ತಿಂಗಳ ಹಿಂದೆ ಕ್ಲೆಮೆಂಟೆ ಪೋರ್ಟೊ ರಿಕೊದ ಹವ್ಯಾಸಿ ತಂಡವನ್ನು ಕರೆದುಕೊಂಡು ಅದೇ ಊರಿಗೆ ಹೋಗಿದ್ದರು. ಅಲ್ಲಿ ಕಾಲು ಕಳೆದುಕೊಂಡಿದ್ದ ಒಬ್ಬ ಹುಡುಗನ ಪರಿಚಯ ಆಗಿ, ಅವನಿಗೆ ಕೃತಕ ಕಾಲು ಹಾಕಿಸುವ ಏರ್ಪಾಡಿಗೆ ಕೈಹಾಕಿದ್ದರು. ಭೂಕಂಪ ಆದಾಗ ಆ ಊರು ಅವರ ಪಾಲಿಗೆ ಪತ್ರಿಕೆಯ ಸುದ್ದಿ ಮಾತ್ರ ಆಗಿರಲಿಲ್ಲ. ದಿನವಿಡೀ ನಿಂತು ದುಡ್ಡು, ಔಷಧಿ, ಆಹಾರ ಕೂಡಿಸಿದರು. ಮೊದಲು ಕಳಿಸಿದ ಸಾಮಾನನ್ನು ಸರ್ವಾಧಿಕಾರಿ ಸೊಮೋಸಾನ ಸೈನಿಕರು ನುಂಗುತ್ತಿದ್ದಾರೆ ಅಂತ ಸುದ್ದಿ ಬಂತು. ನಾನೇ ಎದುರಿಗೆ ನಿಂತರೆ ಯಾರೂ ಮುಟ್ಟಲ್ಲ ಅನ್ನೋ ನಂಬಿಕೆ ಮೇಲೆ ಹೊರಟರು. ವಿಮಾನದ ಕಥೆ ನೀವು ಹೇಳಿದ ಹಾಗೇ, ಅಲ್ಲಿ ಎಚ್ಚರ ತಪ್ಪಿದ್ದು ನಿಜ. ಹಾಗಂತ ಅದನ್ನು ಮನೆಯವರ ಮೇಲಿನ ಅಸಡ್ಡೆ ಅಂತ ನಾನು ಓದಲ್ಲ.

ಜೊತೆ ಆಡಿದ ಮ್ಯಾನಿ ಸಾಂಗಿಯೆನ್ ಅಂತ ಒಬ್ಬರಿದ್ದರು, ಪೈರೇಟ್ಸ್ ಕ್ಯಾಚರ್. ಸ್ಮರಣೆಯ ಪೂಜೆಗೆ ತಂಡದವರೆಲ್ಲ ಚರ್ಚ್‌ಗೆ ಹೋದರೆ, ಇವರು ಮುಳುಗುಗಾರರ ಜೊತೆ ನೀರಿಗೆ ಇಳಿದು ಹುಡುಕುತ್ತಿದ್ದರು. ಗೆಳೆಯರೂ ಅವರ ಮನೆಯವರೇ ಆಗಿದ್ದರು ಅಂತ ಇದರಿಂದ ತಿಳೀತದೆ.

ಮೂರು_ನದಿ:
ಎಲ್ಲರಿಗೂ ತುಂಬಾ ಧನ್ಯವಾದ. ಎರಡೂ ಕಡೆಯ ಮಾತನ್ನು ಮಗಳಿಗೆ ಓದಿ ಹೇಳಿದೆ. ಅವಳು ಈಗ "ಆಮೇಲೆ ಆ ಮಕ್ಕಳು ಏನಾದ್ರು?" ಅಂತ ಹಿಡಿದಿದ್ದಾಳೆ. ಗೊತ್ತಿದ್ರೆ ಹೇಳಿ.

ಶರಾವತಿ_ಹಿನ್ನೀರು:
ದೊಡ್ಡ ಮಗನೂ ಲೂಯಿಸ್ ಕೂಡ ಸ್ವಲ್ಪ ಕಾಲ ಕೆಳಹಂತದ ವೃತ್ತಿಪರ ಬೇಸ್‌ಬಾಲ್ ಆಡಿದರು, ಜೂನಿಯರ್ ಆಮೇಲೆ ಕಾಮೆಂಟರಿಗೆ ಹೋದರು. ವೇರಾ ಮತ್ತೆ ಮದುವೆ ಆಗಲಿಲ್ಲ. ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಲು ಆಟ ಮುಗಿದು ಐದು ವರ್ಷ ಕಾಯಬೇಕು ಅನ್ನೋ ನಿಯಮ ಬಿಟ್ಟು 1973ರಲ್ಲೇ ಕ್ಲೆಮೆಂಟೆಯನ್ನು ಸೇರಿಸಿದಾಗ ಗಂಡನ ಪರವಾಗಿ ವೇದಿಕೆ ಹತ್ತಿದ್ದು ವೇರಾ. ಪೋರ್ಟೊ ರಿಕೊದ ಮಕ್ಕಳಿಗೆ ಒಂದು ಕ್ರೀಡಾನಗರ ಕಟ್ಟಬೇಕು ಅನ್ನೋದು ಕ್ಲೆಮೆಂಟೆಯವರ ಆಸೆಯಾಗಿತ್ತು. ಕ್ಯಾರೊಲಿನಾದಲ್ಲಿ ಅದನ್ನು ಎಬ್ಬಿಸಿ ವರ್ಷಗಟ್ಟಲೆ ನಡೆಸಿದವರೂ ವೇರಾ ಅವರೇ. 2019ರಲ್ಲಿ ತೀರಿಕೊಂಡರು. ಅವರೆಕಾಳು ಮೇಡಂ ಹೇಳಿದ್ದು ಸರಿ, ಪ್ರಾಜೆಕ್ಟ್‌ನಲ್ಲಿ ವೇರಾಗೆ ಅರ್ಧ ಪುಟವಾದರೂ ಕೊಡಿಸಿ.

ನಿಮ್ಮೂರಲ್ಲೇ ಲಾರೆನ್ಸ್‌ವಿಲ್‌ನಲ್ಲಿ ಹಳೆಯ ಅಗ್ನಿಶಾಮಕ ಠಾಣೆಯ ಕಟ್ಟಡದಲ್ಲಿ ಕ್ಲೆಮೆಂಟೆ ಮ್ಯೂಸಿಯಂ ಇದೆ, ಒಳಗೆ ಕರೆದುಕೊಂಡು ಹೋಗಿ ವಿವರಿಸುತ್ತಾರೆ. ಮೊದಲೇ ಬುಕ್ ಮಾಡಿಕೊಂಡು ಹೋಗಿ.