ಜಗಳವಾಗದೆ ಚರ್ಚೆ ನಡೆಸಿದವರು ಯಾರಾದರೂ ಇದ್ದೀರಾ? ಅನುಭವ ಹೇಳಿ

ಗಂಗಾವತಿ ಹುಡುಗ: ಭಾನುವಾರ ಸಂಜೆ ಹದಿನೈದು ಇಪ್ಪತ್ತು ಜನ ಕೂತು ಮಾತಾಡೋಣ ಅಂತ ಯೋಚನೆ. 371ಜೆ (ಕಲ್ಯಾಣ ಕರ್ನಾಟಕದವರಿಗೆ ನೌಕರಿ, ಸೀಟಿನಲ್ಲಿ ಮೀಸಲು ಕೊಡುವ ಸಂವಿಧಾನದ ವಿಧಿ), ಒಳಮೀಸಲಾತಿ (ಪರಿಶಿಷ್ಟ ಜಾತಿಗಳ ಮೀಸಲನ್ನು ಅವರೊಳಗೇ ಹಂಚುವುದು), ಕಾರ್ಖಾನೆ ವಿಸ್ತರಣೆ, ಹೀಗೆ ಎಲ್ಲರೂ ಕೂಗಾಡುವ ವಿಷಯಗಳೇ. ಘೋಷಣೆ ಬೇಡ, ದಾಖಲೆ ಇಟ್ಟುಕೊಂಡು ಮಾತಾಡಬೇಕು. ಎಲ್ಲ ಪಕ್ಷದವರೂ ಇರಬೇಕು. ಮೊದಲ ದಿನ ಯಾವ ವಿಷಯ ಇಡಲಿ? ನಡುವೆ ಕೂತು ನಡೆಸುವವರು ಯಾರಾಗಬೇಕು? ಮಾಡಿದ ಅನುಭವ ಇದ್ದವರು ಹೇಳಿ.

ರಾಯಚೂರು ನಿವೃತ್ತ ಮೇಷ್ಟ್ರು: ನಾನು ಮಾಡಿದ್ದೇನೆ, ಚೆನ್ನಾಗಿಯೇ ಮಾಡಿದ್ದೇನೆ. ಹಾಲ್ ಬಾಡಿಗೆ 1,500. ಮೈಕ್ 800, ಅದೂ ಅರ್ಧಕ್ಕೆ ಕೈಕೊಟ್ಟಿತು. ಮಿರ್ಚಿ, ಚಹಾ 1,100. ಜೆರಾಕ್ಸ್‌ಗೇ 640 ಹೋಯಿತು. ಯಾಕಂದ್ರೆ ನನ್ನದು ಒಂದೇ ನಿಯಮ: ಕಾಗದ ಇಲ್ಲದೆ ಬಾಯಿ ತೆರೆಯುವಂತಿಲ್ಲ. ವಿಷಯ 371ಜೆ. ಒಬ್ಬ ಎದ್ದು ನಿಂತು 'ನಮಗೆ ಸಿಕ್ಕಿದ್ದು ಬರೀ 8 ಪರ್ಸೆಂಟ್' ಅಂದ. ಆದೇಶದ ಪ್ರತಿ ಕೈಗಿಟ್ಟೆ. 8 ಇರುವುದು ರಾಜ್ಯಮಟ್ಟದ ಕಚೇರಿಗಳಲ್ಲಿ. ನಮ್ಮ ಭಾಗದೊಳಗೆ ಗ್ರೂಪ್ ಸಿ 80, ಡಿ 85. ಆತ ಓದಿದ, ಮಡಚಿದ, 'ಇದು ಬೆಂಗಳೂರಿನಲ್ಲಿ ಪ್ರಿಂಟ್ ಆಗಿದ್ದಲ್ವಾ' ಅಂದ! ಅಂಥವರನ್ನು ಹೊರಗೆ ಕಳಿಸುವ ಧೈರ್ಯ ಇದ್ದರೆ ಶುರು ಮಾಡಿ. ಸೀಟು ಭರ್ತಿ ಆಗಿವೆಯಾ ಅನ್ನುವುದು ಬೇರೆ ಪ್ರಶ್ನೆ, ಅದನ್ನು ಕೇಳುವ ಮಂದಿ ಬರಲೇ ಇಲ್ಲ.

ಮಾನ್ವಿ ಟೇಲೆಂಡ್: ರೊಕ್ಕ ಹೋದರೆ ಹೋಗಲಿ, ಸಂಬಂಧ ಹೋದರೆ? ನಾವು ಇಟ್ಟಿದ್ದು ತುಂಗಭದ್ರಾ ಎಡದಂಡೆ ಕಾಲುವೆ ನೀರು. ಮೇಲಿನವರು ಭತ್ತ ಬೆಳೆಯುತ್ತಾರೆ, ಕೊನೆಯ ಭಾಗದ ನಮಗೆ ಗೇಜ್ (ಕಾಲುವೆಯಲ್ಲಿ ಇರಬೇಕಾದ ನೀರಿನ ಮಟ್ಟ) ಸಿಗುವುದಿಲ್ಲ. ಇದು ನಿಮಗೆಲ್ಲ ಗೊತ್ತಿರುವುದೇ. ದಾಖಲೆ ಬೇಕು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. 10 ರೂಪಾಯಿಯ ಪೋಸ್ಟಲ್ ಆರ್ಡರ್. ವಾಪಸ್ ಬಂತು. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದಂತೆ. ಮತ್ತೆ ಬರೆದೆ. 30 ದಿನ ಮುಗಿದರೂ ಉತ್ತರ ಇಲ್ಲ, ಮೇಲ್ಮನವಿ ಹಾಕಿದೆ. ಆಮೇಲೆ ಪುಟಕ್ಕೆ 2 ರೂಪಾಯಿಯಂತೆ ಕಟ್ಟಿಸಿಕೊಂಡು ಗೇಜ್ ಪುಸ್ತಕದ ಜೆರಾಕ್ಸ್ ಕೊಟ್ಟರು. ಅರ್ಧ ಪುಟ ಕರ್ರಗೆ. ಓದಲು ಆದ ಅರ್ಧದಲ್ಲಿ ನಮ್ಮ ಮಾತೇ ನಿಜ ಇತ್ತು.

ಚರ್ಚೆಯ ದಿನ ಕಾರಟಗಿಯ ನಮ್ಮ ಬೀಗರೂ ಬಂದಿದ್ದರು. ಅದನ್ನು ಓದಿದೆ. ಅವರು ಒಪ್ಪಿಕೊಂಡರು, ನಿಜ ಹೇಳಬೇಕು. 'ಲೆಕ್ಕ ಸರಿ ಇದೆ, ಆದರೆ ನಾಟಿ ಮಾಡಿದ ಗದ್ದೆಗೆ ನೀರು ಬಿಡದೆ ಇರುವುದು ಹೇಗೆ' ಅಂದರು. ಅಲ್ಲಿಂದ ನಮ್ಮ ಮನೆಗೆ ಬರುವುದು ನಿಂತಿತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟ್ ಕೊಚ್ಚಿ ಹೋದಾಗ ಮಾತ್ರ ಫೋನ್ ಮಾಡಿದ್ದರು. ಅವತ್ತು ಇಬ್ಬರಿಗೂ ಒಂದೇ ಭಯ. ಗೇಟ್ ಜಾಗಕ್ಕೆ ನೀರು ತಡೆಯುವ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿದರು, ಅವರ ಫೋನೂ ನಿಂತಿತು.

ಬಳ್ಳಾರಿ ಟೀಚರ್: ಮೇಷ್ಟ್ರೇ, ನಿಮ್ಮ ಕಾಗದದ ನಿಯಮವನ್ನೇ ನಮ್ಮೂರಲ್ಲಿ ಒಬ್ಬರು ತಂದರು. ವಿಷಯ ಗಣಿ. ಲಾರಿ ಇಟ್ಟಿದ್ದವರೇ ಅರ್ಧ ಹಾಲ್. 2011ರ ಜುಲೈ 29ಕ್ಕೆ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಅವರ ಕಂತು ನಿಲ್ಲಲಿಲ್ಲ. ಆ ಸಿಟ್ಟು ಇನ್ನೂ ಇದೆ, ನನಗೆ ಅರ್ಥವೂ ಆಗುತ್ತದೆ. ಅವರ ಹತ್ತಿರ ಫೈನಾನ್ಸ್ ನೋಟಿಸ್ ಇತ್ತು, ಓದಿದರು. ವಕೀಲರ ಹತ್ತಿರ ಲೋಕಾಯುಕ್ತ ವರದಿ ಇತ್ತು. ಅಕ್ರಮ ಎಷ್ಟು ಅಂತ ನೋಡಿ ಗಣಿಗಳನ್ನು ಎ, ಬಿ, ಸಿ ವರ್ಗ ಅಂತ ವಿಂಗಡಿಸಿ 2013ರಲ್ಲಿ ಸಿ ವರ್ಗದ ಗುತ್ತಿಗೆ ರದ್ದು ಮಾಡಿದ ತೀರ್ಪೂ ಇತ್ತು, ಓದಿದರು. ಸಂಡೂರು ಕಡೆಯಿಂದ ಒಬ್ಬ ಹೆಂಗಸು ಬಂದಿದ್ದಳು. ಕೈಯಲ್ಲಿ ಅದಿರು ಒಡೆದು ಆರಿಸಿದವಳು. 'ಧೂಳಿನ ಬಗ್ಗೆ ಹೇಳಲಾ' ಅಂದಳು. 'ದಾಖಲೆ ಇದೆಯೇನಮ್ಮ' ಅಂದರು. ಎದ್ದು ಹೋದಳು. ಆ ಹಾಲ್‌ನಲ್ಲಿ ಗಣಿಯೊಳಗೆ ಕೆಲಸ ಮಾಡಿದ್ದು ಅವಳೊಬ್ಬಳೇ. ಇದನ್ನು ಸತ್ಯದ ಚರ್ಚೆ ಅನ್ನುತ್ತೀರಾ?

ರಾಯಚೂರು ನಿವೃತ್ತ ಮೇಷ್ಟ್ರು: ಅಳು ಬರುವ ಹಾಗೆ ಹೇಳಿದ್ದೆಲ್ಲ ಸಾಕ್ಷಿ ಆಗುವುದಿಲ್ಲ. ಎಲ್ಲರೂ ಬಂದು ಕಷ್ಟ ಹೇಳಿಕೊಂಡರೆ ಅದು ಚರ್ಚೆ ಅಲ್ಲ, ಕಟ್ಟೆ ಪುರಾಣ.

ಬಳ್ಳಾರಿ ಟೀಚರ್: ಅವಳು ಅಳಲಿಲ್ಲ. ನಾನು ಹಾಗೆ ಬರೆದೂ ಇಲ್ಲ. ಇನ್ನೊಮ್ಮೆ ಓದಿ.

ಕೊಪ್ಪಳ ಕೋಟೆ ಓಣಿ: ನಾವು ಒಳಮೀಸಲಾತಿ ಇಟ್ಟೆವು. ಕೋಣೆಯ ಮಾಲೀಕರು ಮೊದಲು 'ಒಳ್ಳೆ ಕೆಲಸ' ಅಂದವರು, ವಿಷಯ ಗೊತ್ತಾದ ಮೇಲೆ ಬೀಗ ಹಾಕಿಕೊಂಡರು. 5,000 ಅಡ್ವಾನ್ಸ್ ಕೊಟ್ಟಿದ್ದೆವು, 2,000 ಮಾತ್ರ ವಾಪಸ್ ಬಂತು. ಬಣ್ಣ ಹಾಳಾಗಿದೆ ಅಂತ ಲೆಕ್ಕ ತೋರಿಸಿದರು! ನಾವು ಒಳಗೆ ಕೂತೇ ಇರಲಿಲ್ಲ. ಕೊನೆಗೆ ಗೆಳೆಯನ ಮಾಳಿಗೆ ಮೇಲೆ ನಡೆಯಿತು.

ನಮ್ಮದು ಬೇರೆ ನಿಯಮ. ಎದುರಿನವನ ವಾದವನ್ನು ಮೊದಲು ನೀನು ಹೇಳಬೇಕು, 'ಹೌದು, ನಾನು ಹೇಳಿದ್ದು ಇದೇ' ಅಂತ ಅವನು ಒಪ್ಪಬೇಕು, ಆಮೇಲೆ ನಿನ್ನ ಉತ್ತರ. ಎಡಗೈ, ಬಲಗೈ ಅಂದರೆ ಪರಿಶಿಷ್ಟ ಜಾತಿಯೊಳಗಿನ ಎರಡು ಗುಂಪು. ಎಡಗೈ ಹುಡುಗರು ಬಲಗೈ ಕಡೆಯ ವಾದ ಹೇಳಿದರು, ಅವರು ಇವರದ್ದು. 2005ರ ಸದಾಶಿವ ಆಯೋಗದಿಂದ ಒಳಮೀಸಲಾತಿ ಕೊಡಬಹುದು ಅಂದ ಸುಪ್ರೀಂ ಕೋರ್ಟಿನ 2024ರ ಆಗಸ್ಟ್ 1ರ ತೀರ್ಪಿನವರೆಗೆ ಯಾರೂ ಕೈ ಎತ್ತಲಿಲ್ಲ. 2025ರ ಆಗಸ್ಟ್‌ನಲ್ಲಿ ಸರ್ಕಾರ ಎಡಗೈಗೆ 6, ಬಲಗೈಗೆ 6, ಉಳಿದವರಿಗೆ 5 ಪರ್ಸೆಂಟ್ ಅಂದಿತಲ್ಲ, ಅಲ್ಲಿ ನಿಯಮ ಮುರಿಯಿತು. ಅಲೆಮಾರಿ ಸಮುದಾಯಗಳಿಗೆ ನಾಗಮೋಹನ ದಾಸ್ ವರದಿ ಕೊಟ್ಟಿದ್ದ ಬೇರೆ 1 ಪರ್ಸೆಂಟ್ ಹೋಗಿ, 5ರ ಗುಂಪಿಗೆ ಸೇರಿದರು. ಅವರ ವಾದ ಹೇಳುವುದಕ್ಕೆ ಮಾಳಿಗೆ ಮೇಲೆ ಅವರ ಪೈಕಿ ಒಬ್ಬರೂ ಇರಲಿಲ್ಲ. ಇಬ್ಬರೂ ಸೇರಿ ಅವರ ಪರ ಮಾತಾಡಲು ಹೋಗಿ, ಇಬ್ಬರೂ ಜಗಳಾಡಿದರು.

ಗಂಗಾವತಿಯವರೇ, ನಿಮ್ಮ ತಾಲ್ಲೂಕಿನದ್ದೇ ಮರಕುಂಬಿ. ಅಲ್ಲಿನ 2014ರ ಜಾತಿ ಗಲಭೆಗೆ 2024ರ ಅಕ್ಟೋಬರ್‌ನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಆಯಿತು. ಆ ವಿಷಯ ಇಡುತ್ತೀರಾದರೆ ಎರಡೂ ಕಡೆಯ ಮನೆಯವರು ಹಾಲ್‌ನಲ್ಲಿ ಇರಬಹುದು ಅಂತ ಅಂದುಕೊಂಡೇ ಬಾಯಿ ತೆರೆಯಿರಿ.

ಗಂಗಾವತಿ ಹುಡುಗ: ಎಲ್ಲರಿಗೂ ಥ್ಯಾಂಕ್ಸ್. ಆದರೆ ಮೊದಲ ದಿನಕ್ಕೆ ಯಾವ ವಿಷಯ ಅಂತ ಯಾರೂ ಹೇಳಲಿಲ್ಲ.

ರಾಯಚೂರು ನಿವೃತ್ತ ಮೇಷ್ಟ್ರು: 371ಜೆ ಇಡಿ. ಬಳ್ಳಾರಿಯವರನ್ನೂ ಕರೆಯಿರಿ. ನಿಜಾಮರ ಆಳ್ವಿಕೆ ಕಾಣದ ಜಿಲ್ಲೆ ಆ ಪಟ್ಟಿಗೆ ಹೇಗೆ ಬಂತು ಅಂತ ಅವರೇ ಹೇಳಲಿ. ಮದ್ರಾಸಿನಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿದವರು. ನಾವು 1948ರ ಸೆಪ್ಟೆಂಬರ್ 17ರವರೆಗೆ ಅನುಭವಿಸಿದ್ದು ಅವರಿಗೇನು ಗೊತ್ತು?

ಹೊಸಪೇಟೆ ಲಾರಿ: ಶುರುವಾಯ್ತು. ಹಿಂದುಳಿಯೋದಕ್ಕೆ ನಿಜಾಮರೇ ಬೇಕಿತ್ತಾ ಸರ್?

ರಾಯಚೂರು ನಿವೃತ್ತ ಮೇಷ್ಟ್ರು: ನೀವು ಈಗ ವಿಜಯನಗರ ಜಿಲ್ಲೆ. 2021ರಲ್ಲೇ ಬೇರೆ ಆದಿರಿ. ಸುಮ್ನಿರಿ.

ಹೊಸಪೇಟೆ ಲಾರಿ: ಜಿಲ್ಲೆ ಬೇರೆ ಆದರೆ 371ಜೆ ಬಿಟ್ಟು ಹೋಯಿತಾ? ಕಾಗದ ತೋರಿಸಿ ಮತ್ತೆ.

ಬಳ್ಳಾರಿ ಟೀಚರ್: 1800ರಲ್ಲಿ ನಮ್ಮನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದು ಯಾರು ಮೇಷ್ಟ್ರೇ? ನಿಜಾಮರೇ ಅಲ್ವಾ? ದತ್ತ ಮಂಡಲ ಅನ್ನುವ ಹೆಸರು ಬಂದಿದ್ದೇ ಅದಕ್ಕೆ. 'ಕಾಣದ ಜಿಲ್ಲೆ' ಅಂದಿರಲ್ಲ, ಅದಕ್ಕೆ ದಾಖಲೆ ತನ್ನಿ.

ಮಾನ್ವಿ ಟೇಲೆಂಡ್: ಗಂಗಾವತಿ ತಮ್ಮಾ, ವಿಷಯ ಯಾವುದಾದರೂ ಇಡು. ನಾಟಿ ಸಮಯದಲ್ಲಿ ಮಾತ್ರ ಇಡಬೇಡ, ಯಾರೂ ಬರುವುದಿಲ್ಲ. ಮತ್ತೆ ನಿಮ್ಮ ಕಡೆ ಗೇಜ್ ಪುಸ್ತಕ ತೋರಿಸುವ ಎಂಜಿನಿಯರ್ ಯಾರಾದರೂ ಇದ್ದರೆ ತಿಳಿಸು.